ಸುತ್ತಿಗೆ ಸದ್ದಿಲ್ಲದ ಹನ್ನೊಂದು ವಾರ

ಹಿತ್ತಾಳೆಯ ಮೇಲೆ ಸುಳ್ಳು ಕೊರೆಯುವುದು ಉಳಿಯಕ್ಕನಿಗೆ ಹೊಸದೇನಲ್ಲ. ಮೂವತ್ತೊಂದು ವರ್ಷದಿಂದ ಅವಳದು ಅದೇ ಕೆಲಸ. ವರ್ಷದಲ್ಲಿ ಅರ್ಧ ದಿನ ಕುರ್ಚಿಗೆ ಕೋಟು ನೇತುಹಾಕಿ ಮಾಯವಾಗುವ ಗುಮಾಸ್ತನಿಗೆ 'ಅತ್ಯುತ್ತಮ ಸಿಬ್ಬಂದಿ' ಎಂದು ಕೊರೆದಿದ್ದಾಳೆ. ಬದುಕಿದ್ದಾಗ ಒಂದು ಲೋಟ ನೀರು ಕೊಡದವರು ಸತ್ತಮೇಲೆ ಬರೆಸುವ 'ಸದಾ ನಿಮ್ಮ ನೆನಪಿನಲ್ಲಿ' ಎಂಬುದನ್ನೂ ತುಟಿ ಬಿಗಿಹಿಡಿದು ಕೊರೆದಿದ್ದಾಳೆ. ಅಂಥ ಸುಳ್ಳುಗಳಿಂದ ಯಾರಪ್ಪನ ಗಂಟೂ ಹೋಗುವುದಿಲ್ಲ, ಓದುವವರಿಗೂ ಗೊತ್ತಿರುತ್ತದೆ. ಆದರೆ ಆ ಸೋಮವಾರ ವಸ್ತುಸಂಗ್ರಹಾಲಯದಿಂದ ಬಂದ ಚೀಟಿಯಲ್ಲಿದ್ದ ಸುಳ್ಳು ಬೇರೆ ಥರದ್ದು. ಅದು ಸುಳ್ಳೆಂದು ಅವಳಿಗೆ ಗೊತ್ತಾಗಲು ಎರಡು ದಿನ ಬೇಕಾಯಿತು.

ಉಳಿಯಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಅಂಗಡಿಯ ಬೋರ್ಡಿನ ಮೇಲಿರುವುದು ಹದಿನೈದು ವರ್ಷದ ಹಿಂದೆ ತೀರಿಕೊಂಡ ಅವಳ ಅಪ್ಪನ ಹೆಸರು. ಹತ್ತಡಿ ಅಗಲದ ಅಂಗಡಿ, ಬೀದಿ ಕಡೆಗೆ ಒಂದು ಗಾಜಿನ ಬಾಗಿಲು, ಬೆಳಕು ಬೀಳುವಲ್ಲಿ ತಗ್ಗಿನ ಮೇಜು. ಮೇಜಿನ ಮೇಲೆ ಮರಳು ತುಂಬಿದ ತೊಗಲಿನ ದಿಂಬು. ಎಡಗೈಯಿಂದ ತಗಡನ್ನು ಆ ದಿಂಬಿನ ಮೇಲೆ ತಿರುಗಿಸುತ್ತ, ಬಲ ಅಂಗೈಯಿಂದ ಉಳಿಯನ್ನು ಮೆಲ್ಲಗೆ ದೂಡುವುದು ಅವಳ ರೀತಿ. ಪಕ್ಕದ ಬೀದಿಗೆ ಕಂಪ್ಯೂಟರಿನ ಮಷೀನು ಬಂದು ಹತ್ತು ವರ್ಷವಾದರೂ ಕೈಯಕ್ಷರವೇ ಬೇಕೆನ್ನುವವರು ಇನ್ನೂ ಇವಳ ಮೆಟ್ಟಿಲು ಹತ್ತುತ್ತಾರೆ. ಅಂಗಡಿಯ ಮಹಡಿಯ ಮೇಲೆ ಮನೆ. ಮನೆಯಲ್ಲಿ ಅವಳು ಮತ್ತು ಎಂಬತ್ತಾರು ವರ್ಷದ ಸೋದರತ್ತೆ. ದಿಂಬು, ಉಳಿ, ಮೂಗಿನ ತುದಿಯಲ್ಲಿ ಕೂತ ಸಿಟ್ಟು, ಮೂರೂ ಅವಳಿಗೆ ಅತ್ತೆಯಿಂದ ಬಂದವು.

ಚೀಟಿ ತಂದವನು ಸಂಗ್ರಹಾಲಯದ ತಜ್ಞ. ಕೊರಳಲ್ಲಿ ದಾರ ಕಟ್ಟಿದ ಒಂದು ಭೂತಗನ್ನಡಿ ಯಾವಾಗಲೂ ತೂಗುತ್ತಿರುತ್ತದೆ, ಊಟಕ್ಕೆ ಕೂತಾಗಲೂ ಅದನ್ನು ತೆಗೆಯುವುದಿಲ್ಲವೆಂದು ಕೇಳಿದ್ದ ಉಳಿಯಕ್ಕ ಅವನಿಗೆ ಭೂತಗನ್ನಡಿ ಎಂದೇ ಹೆಸರಿಟ್ಟಿದ್ದಳು. ಹೊಸ ಕೋಣೆಯೊಂದು ತೆರೆಯುತ್ತಿದೆ, ಅದರ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಹಳೆಯ ರಿವಾಲ್ವರ್ ಇಡುತ್ತೇವೆ ಎಂದು ಅವನು ವಿವರಿಸಿದ. ರಿವಾಲ್ವರಿನ ಮೈತುಂಬ ಬಳ್ಳಿ ಎಲೆಗಳ ಕೆತ್ತನೆ. ಅರುವತ್ತಾರು ವರ್ಷದ ಹಿಂದೆ ಯಾರಿಗೋ ಉಡುಗೊರೆ ಕೊಡಲೆಂದು ಇದೇ ಊರಿನ ದೊಡ್ಡ ಕೆತ್ತನೆ ಕಾರ್ಖಾನೆಯಲ್ಲಿ ಮಾಡಿಸಿದ್ದು. ಕೆತ್ತಿದವರ ಗುರುತು ಅದರ ಮೇಲೆಲ್ಲೂ ಇಲ್ಲ. ಇಷ್ಟು ವರ್ಷ ಪಟ್ಟಿಯಲ್ಲಿ 'ಕೆತ್ತನೆಗಾರ ಅಜ್ಞಾತ' ಎಂದೇ ಇತ್ತು. ತಾನು ಮೂರು ವರ್ಷ ಕೂತು ಅದನ್ನು ಬಿಡಿಸಿದ್ದೇನೆ, ಕಾರ್ಖಾನೆಯ ಯಜಮಾನರೇ ಸ್ವತಃ ಕೆತ್ತಿದ್ದು, ಆ ಬಗ್ಗೆ ಪುಸ್ತಕವನ್ನೂ ಬರೆದಿದ್ದೇನೆ ಎಂದು ಹೇಳಿ ಪುಸ್ತಕದ ಒಂದು ಪ್ರತಿಯನ್ನು ಮೇಜಿನ ಮೇಲಿಟ್ಟ. ಚೀಟಿಯಲ್ಲಿದ್ದದ್ದು ಯಜಮಾನರ ಹೆಸರು, ಅದರ ಹಿಂದೆ ಮೂರು ಬಿರುದು.

ಪೆಟ್ಟಿಗೆಯ ಕೆಳಗೆ ಕೂರಿಸುವ ಹಿತ್ತಾಳೆ ಫಲಕದ ಅಂಚಿಗೆ ರಿವಾಲ್ವರಿನ ಬಳ್ಳಿಯನ್ನೇ ಹೋಲುವ ಬಳ್ಳಿ ಬೇಕೆಂದ. ವಸ್ತು ನೋಡದೆ ಹೋಲಿಸು ಎಂದರೆ ಹೇಗೆ ಹೋಲಿಸಲಿ ಎಂದಳು ಉಳಿಯಕ್ಕ. ಫೋಟೋ ಇದೆಯಲ್ಲ ಎಂದ. ಫೋಟೋ ನೋಡಿ ಹೆಣ್ಣು ಒಪ್ಪುವ ಕಾಲ ಹೋಯಿತು ಎಂದು ಅವಳು ಅದಕ್ಕೆ ಸೊಪ್ಪು ಹಾಕಲಿಲ್ಲ.

ಬುಧವಾರ ಮಧ್ಯಾಹ್ನ ಒಬ್ಬ ಕಾವಲುಗಾರನನ್ನು ಬಾಗಿಲಲ್ಲಿ ನಿಲ್ಲಿಸಿ ಭೂತಗನ್ನಡಿ ಮರದ ಪೆಟ್ಟಿಗೆ ಬಿಚ್ಚಿದ. ಗುಂಡು ಹಾರದಂತೆ ಎಂದೋ ಕೆಡಿಸಿಟ್ಟ ರಿವಾಲ್ವರ್. ಕೈಗೆ ಬಿಳಿ ಗವಸು ಹಾಕಿಕೊಳ್ಳಿ ಎಂದ. ಹಾಕಿಕೊಂಡಳು. ಆಮೇಲೆ, ಅವನು ಬಾಗಿಲ ಕಡೆ ತಿರುಗಿದಾಗ, ಬಲಗೈಯ ಹೆಬ್ಬೆರಳಿನ ಗವಸು ಸರಿಸಿ ಉಗುರನ್ನು ಒಂದು ಎಲೆಯ ನರದ ಉದ್ದಕ್ಕೂ ಎಳೆದಳು. ಕೆತ್ತನೆಯವರು ಕಣ್ಣಿಗಿಂತ ಉಗುರನ್ನು ನಂಬುತ್ತಾರೆ. ಉಗುರು ಎಲ್ಲಿಯೂ ತಡೆಯಲಿಲ್ಲ. ಇನ್ನೊಂದು ಎಲೆ, ಮತ್ತೊಂದು ಬಳ್ಳಿ, ಎಲ್ಲಿಯೂ ಇಲ್ಲ.

ಅದು ಯಾಕೆ ಹಾಗಿರಬಾರದು ಎಂಬುದನ್ನು ಇಲ್ಲಿ ಹೇಳಬೇಕು. ಯಜಮಾನರ ಕಾರ್ಖಾನೆಯಲ್ಲಿ ಗಂಡಸರು ನಿಂತು ಕೆಲಸ ಮಾಡುತ್ತಿದ್ದರು. ವಸ್ತುವನ್ನು ವೈಸ್ ಎಂಬ ಕಬ್ಬಿಣದ ಇಕ್ಕಳದಲ್ಲಿ ಬಿಗಿದು, ಅದರ ಸುತ್ತ ತಾವೇ ತಿರುಗುತ್ತ, ಉಳಿಯ ಬೆನ್ನಿಗೆ ಸಣ್ಣ ಸುತ್ತಿಗೆಯಿಂದ ಟಕಟಕ ಹೊಡೆಯುತ್ತಿದ್ದರು. ಹಾಗೆ ಕೆತ್ತಿದ ಗೆರೆ ಕಣ್ಣಿಗೆ ಒಂದೇ ಎಳೆಯಾಗಿ ಕಂಡರೂ ಉಗುರಿಗೆ ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತದೆ, ಒಂದೊಂದು ಏಟಿಗೆ ಒಂದೊಂದು ಮೆಟ್ಟಿಲು. ಹೆಂಗಸರು ಹಿಂದಿನ ಕೋಣೆಯಲ್ಲಿ ಕೂತಿರುತ್ತಿದ್ದರು. ಅವರ ಪಾಲಿಗೆ ಬಂದದ್ದು ಎಲೆಗಳ ನಡುವಿನ ಖಾಲಿ ಜಾಗಕ್ಕೆ ಮೊಳೆ ಹಿಡಿದು ಸಾವಿರಾರು ಚುಕ್ಕಿ ಹೊಡೆಯುವುದು, ಮತ್ತು ಗಿರಾಕಿಗಳ ಹೆಸರನ್ನು ಬೆಳ್ಳಿ ತಟ್ಟೆಗಳ ಮೇಲೆ ಅಂಗೈ ಉಳಿಯಿಂದ ಕೊರೆಯುವುದು. ಅತ್ತೆ ಅಲ್ಲಿ ನಾಲ್ಕು ವರ್ಷ ಹಾಗೆ ಕೂತಿದ್ದಳು. ಎಲೆ, ಹೂವು, ಪ್ರಾಣಿ ಎಲ್ಲ ನಿಂತವರ ಕೆಲಸ. ಕೂತವರು ಚುಕ್ಕಿ ಮತ್ತು ಹೆಸರು ಬಿಟ್ಟು ಬೇರೇನನ್ನೂ ಮುಟ್ಟುವಂತಿರಲಿಲ್ಲ.

ಈ ರಿವಾಲ್ವರಿನ ಎಲೆಗಳಲ್ಲಿ ಮೆಟ್ಟಿಲಿರಲಿಲ್ಲ. ಅಷ್ಟೇ ಆಗಿದ್ದರೆ ಅವಳು ಹುಬ್ಬು ಗಂಟಿಕ್ಕಿ ಸುಮ್ಮನಾಗುತ್ತಿದ್ದಳೋ ಏನೋ. ಅವಳು ಮೊದಲು ನೋಡಿದ ನಡುಭಾಗದ ಪ್ರತಿ ಎಲೆಯ ತುದಿಯಲ್ಲಿ ಉಳಿಯನ್ನು ಎತ್ತುವ ಮೊದಲು ಕೈ ಒಂದು ಕೂದಲೆಳೆಯಷ್ಟು ಬಲಕ್ಕೆ ಹೊರಳಿತ್ತು. ಉಳಿಯಕ್ಕ ತಾನು ಕೊರೆದು ಬಣ್ಣ ತುಂಬಿ ಒಣಗಲಿಟ್ಟಿದ್ದ ಒಂದು ಫಲಕವನ್ನು ಪಕ್ಕಕ್ಕೆ ಎಳೆದುಕೊಂಡಳು. ಯಾವುದೋ ಶಾಲೆಯ ಓಟದ ಪಂದ್ಯದ ಫಲಕ. ಅದರ ಪ್ರತಿ ಅಕ್ಷರದ ಬಾಲದಲ್ಲೂ ಅದೇ ಹೊರಳು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅತ್ತೆ ಅವಳ ಮಣಿಕಟ್ಟು ಹಿಡಿದು ಕಲಿಸಿದ ಹೊರಳು ಅದು, ಹಾಗೆ ಮಾಡಿದರೆ ಉಳಿಯ ಮೂತಿ ಮುರಿಯುವುದಿಲ್ಲ ಎಂದು. ಗುಂಡು ತುಂಬುವ ಉರುಳೆಯ ಮೇಲಿನ ಎಲೆಗಳು ಸ್ವಲ್ಪ ಬೇರೆ ಅನ್ನಿಸಿದವು. ದುಂಡಗಿನ ವಸ್ತುವಿನ ಮೇಲೆ ಕೈ ಹಾಗೇ ಓಡುತ್ತದೆ ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟಳು.

"ಇದು ನಿಮ್ಮ ಯಜಮಾನರ ಕೆಲಸ ಅಲ್ಲ ಸರ್," ಅಂದಳು. "ನಮ್ಮತ್ತೆ ಕೆಲಸ."

ಭೂತಗನ್ನಡಿ ನಕ್ಕ. ಕೆಟ್ಟ ನಗುವಲ್ಲ, ಮನೆಯ ಹಿರಿಯರು ಮಾತಿನ ನಡುವೆ ಬಾಯಿ ಹಾಕಿದ ಮಗುವನ್ನು ನೋಡಿ ನಗುವಂಥದ್ದು, ಅದಕ್ಕೇ ಅವಳ ಮೈ ಉರಿದುಹೋಯಿತು. ಮೆಟ್ಟಿಲಿನ ವಿಷಯ ಹೇಳಿದಳು. ದೊಡ್ಡ ಕಲಾವಿದರು ಎರಡೂ ರೀತಿಯಲ್ಲಿ ಕೆತ್ತಬಲ್ಲರು ಎಂದ. ಹೊರಳಿನ ವಿಷಯ ಹೇಳಿದಳು. ಚುಕ್ಕಿಗಳು ನಿಮ್ಮತ್ತೆಯವೇ ಇರಬಹುದು, ಅದನ್ನು ಬೇಕಾದರೆ ಪುಸ್ತಕದ ಎರಡನೆಯ ಮುದ್ರಣದಲ್ಲಿ ಅಡಿಟಿಪ್ಪಣಿಯಾಗಿ ಸೇರಿಸೋಣ ಎಂದ. ಆಮೇಲೆ ಪುಸ್ತಕ ತೆರೆದು ಒಂದು ಪುಟದ ಮೇಲೆ ಬೆರಳಿಟ್ಟ. ಕೆತ್ತನೆ ನಡೆದದ್ದು ಕಾರ್ಖಾನೆಯ ಗಂಡಸರೆಲ್ಲ ಮುಷ್ಕರ ಹೂಡಿದ್ದ ಹನ್ನೊಂದು ವಾರಗಳಲ್ಲಿ. ರಿವಾಲ್ವರ್ ಒಳಗೆ ಹೋದ ದಿನ, ಎಲೆ ಕೆತ್ತಿ ಮುಗಿದ ದಿನ ಎರಡೂ ದಾಖಲೆಯಲ್ಲಿವೆ. ಒಳಗೆ ಇದ್ದದ್ದು ಯಜಮಾನರೊಬ್ಬರೇ. ಅಂದಮೇಲೆ ಇನ್ಯಾರು ಕೆತ್ತಲು ಸಾಧ್ಯ ಎಂದು ಕೇಳಿ, ಫಲಕ ಮುಂದಿನ ಗುರುವಾರಕ್ಕೆ ಬೇಕು ಎಂದು ನೆನಪಿಸಿ ಪೆಟ್ಟಿಗೆ ಮುಚ್ಚಿದ.

ಇಬ್ಬರೂ ಹೊರಟಮೇಲೆ ಉಳಿಯಕ್ಕ ಅಂಗಡಿಯ ಬಾಗಿಲು ಹಾಕಿದಳು. ಭೂತಗನ್ನಡಿ ತನ್ನನ್ನು ಲೆಕ್ಕಕ್ಕಿಡದ್ದು ಒಂದು ಕಡೆ ಇರಲಿ. ಚುಕ್ಕಿ ಹೊಡೆಯುತ್ತಿದ್ದೆ, ಚುಕ್ಕಿ ಮಾತ್ರ ಎಂದು ಜೀವಮಾನವಿಡೀ ಹೇಳಿಕೊಂಡು ಬಂದ ಹೆಂಗಸು ಮಹಡಿಯ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಾಳೆ, ಅವಳ ಎಲೆಗಳ ಕೆಳಗೆ ಇನ್ನೊಬ್ಬನ ಹೆಸರನ್ನು ಅವಳದೇ ಸೊಸೆ ಅವಳದೇ ಉಳಿಯಿಂದ ಕೊರೆಯಬೇಕಂತೆ. ಇದಕ್ಕಿಂತ ಅನ್ಯಾಯ ಏನಿದೆ ಎಂದುಕೊಳ್ಳುತ್ತ ಮೆಟ್ಟಿಲು ಹತ್ತಿದಳು.

ಅತ್ತೆ ಒಪ್ಪಲಿಲ್ಲ. ರಿವಾಲ್ವರಾ, ಯಾವ ರಿವಾಲ್ವರು, ನಾವು ಚುಕ್ಕಿಯವರು ಕಣೆ, ಎಲೆಗೂ ನಮಗೂ ಏನು ಸಂಬಂಧ ಎಂದಳು. ಹೊರಳಿನ ಮಾತೆತ್ತಿದರೆ ಊರಲ್ಲಿ ಹೊರಳುವ ಕೈ ನನ್ನದೊಂದೇನಾ ಎಂದಳು. ಬಟಾಣಿಯ ಸಿಪ್ಪೆ ಒಂದು ಬಟ್ಟಲಿಗೆ, ಕಾಳು ಇನ್ನೊಂದಕ್ಕೆ ಬೀಳುತ್ತಿದ್ದದ್ದು ಎರಡು ಸಲ ಅದಲು ಬದಲಾಯಿತು. ಅತ್ತೆಯ ಕಣ್ಣು ಮಂಜಾಗಿದ್ದರೂ ಅಂಥ ತಪ್ಪು ಮಾಡುವವಳಲ್ಲ. ಏನೋ ಇದೆ ಎಂದು ಉಳಿಯಕ್ಕನಿಗೆ ಖಾತ್ರಿಯಾಯಿತು. ಕೇಳಿದಷ್ಟೂ ಅತ್ತೆ ಬಾಯಿಗೆ ಬೀಗ ಹಾಕಿಕೊಂಡಳು.

ಕೊನೆಗೆ ಉಳಿಯಕ್ಕ ರೇಗಿ, ಆಯ್ತು, ನಿನ್ನ ಯಜಮಾನರ ಪುರಾಣವನ್ನಾದರೂ ಕೇಳು ಎಂದು ಭೂತಗನ್ನಡಿಯ ಪುಸ್ತಕ ತೆರೆದು ಗಟ್ಟಿಯಾಗಿ ಓದಲು ಶುರುಮಾಡಿದಳು. ಯಜಮಾನರ ಬಾಲ್ಯ, ಯಜಮಾನರ ಮೀಸೆ, ಯಜಮಾನರ ದೂರದೃಷ್ಟಿ. ಅತ್ತೆ ಹೂಂಗುಟ್ಟುತ್ತ ಕಾಳು ಬಿಡಿಸಿದಳು. ಮುಷ್ಕರದ ಅಧ್ಯಾಯ ಬಂತು. 'ಆ ಹನ್ನೊಂದು ವಾರ ಕಾರ್ಖಾನೆಯಿಂದ ಸುತ್ತಿಗೆಯ ಒಂದೇ ಒಂದು ಸದ್ದೂ ಹೊರಗೆ ಕೇಳಿಬರಲಿಲ್ಲ ಎಂದು ಅಂದಿನ ಪತ್ರಿಕೆಗಳು ಬರೆದಿವೆ' ಎಂದು ಓದಿದಳು. ಮುಂದಿನ ಸಾಲು ಹೀಗಿತ್ತು: 'ಹಿಂದಿನ ಕೋಣೆಯ ಬಡ ಹೆಂಗಸರಿಗೆ ಆ ದಯಾಳು ಯಜಮಾನರು ರಜೆ ಕೊಟ್ಟು, ಮನೆಯಲ್ಲಿ ನೆಮ್ಮದಿಯಾಗಿರಿ ಎಂದು ಕಳಿಸಿದರು.'

ಅತ್ತೆಯ ಕೈ ನಿಂತಿತು.

"ರಜೆಯಾ?" ಅಂದಳು. "ಇನ್ನೊಂದು ಸಲ ಓದು."

ಓದಿದಳು. ಅತ್ತೆ ಬಟ್ಟಲನ್ನು ತೊಡೆಯಿಂದ ಕೆಳಗಿಟ್ಟಳು. ಅರುವತ್ತಾರು ವರ್ಷ ಎಲ್ಲಿ ಅಡಗಿತ್ತೋ ಆ ಸಿಟ್ಟು, ಅತ್ತೆಯ ಕಿವಿಯವರೆಗೆ ಕೆಂಪೇರಿತು. ಹೆಸರು ಹೋದದ್ದನ್ನು ಅವಳು ಅಷ್ಟು ವರ್ಷ ನುಂಗಿಕೊಂಡಿದ್ದಳು. ನೆಮ್ಮದಿಯಾಗಿ ಮನೆಯಲ್ಲಿ ಕೂತಿದ್ದಳೆಂಬ ಮಾತನ್ನು ನುಂಗಲು ಅವಳಿಂದ ಆಗಲಿಲ್ಲ.

ಕತೆ ಆಮೇಲೆ ಒಂದೇ ಉಸಿರಿಗೆ ಬಂತು. ಗಂಡಸರೆಲ್ಲ ಗೇಟಿನ ಹೊರಗೆ ಕೂತಿದ್ದರು. ಉಡುಗೊರೆಯ ರಿವಾಲ್ವರನ್ನು ಹೇಳಿದ ದಿನಕ್ಕೆ ಕೊಡದಿದ್ದರೆ ಯಜಮಾನರ ಮರ್ಯಾದೆ ಮಣ್ಣುಪಾಲು. ಆದರೆ ಒಳಗಿಂದ ಒಂದು ಏಟು ಸುತ್ತಿಗೆಯ ಸದ್ದು ಬಂದರೂ ಹೊರಗಿನವರಿಗೆ ಗೊತ್ತಾಗಿಬಿಡುತ್ತದೆ, ಗಲಾಟೆಯಾಗುತ್ತದೆ. ಆಗ ಯಜಮಾನರಿಗೆ ನೆನಪಾದದ್ದು ಹಿಂದಿನ ಕೋಣೆಯಲ್ಲಿ ಸದ್ದಿಲ್ಲದೆ ಹೆಸರು ಕೊರೆಯುವ ಹೆಂಗಸರು. ಮನೆಕೆಲಸದವರಂತೆ ಪೊರಕೆ ಬಕೆಟ್ಟು ಹಿಡಿದು ಹಿಂಬಾಗಿಲಿನಿಂದ ಬನ್ನಿ ಎಂದು ಹೇಳಿ ಕಳಿಸಿದರು. ಹನ್ನೊಂದು ವಾರ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಕೆಮ್ಮು ಬಂದರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಉಕ್ಕಿನ ಮೇಲೆ ಅಂಗೈಯಿಂದ ಎಲೆ ಕೊರೆದರು. ಬೆಳ್ಳಿಯ ಮೇಲೆ ಓಡುವ ಉಳಿ ಉಕ್ಕಿನ ಮೇಲೆ ಓಡುವುದಿಲ್ಲ. ಅಂಗೈಯ ಚರ್ಮ ಎರಡು ಸಲ ಸುಲಿದು ಬಂತು. ಚುಕ್ಕಿ ಮಾತ್ರ ಗಂಡಸರು ವಾಪಸು ಬಂದಮೇಲೆ ಹೊಡೆದದ್ದು, ಅದಕ್ಕೆ ಸುತ್ತಿಗೆ ಬೇಕಲ್ಲ. ಎಲೆಗಳನ್ನು ತಾನೇ ಕೆತ್ತಿದೆ ಎಂದು ಯಜಮಾನರು ಗಂಡಸರಿಗೆ ತೋರಿಸಿದರು. ಗಂಡಸರು ಬೆರಗಾಗಿ ನೋಡಿದರು. ಹೆಂಗಸರು ತಲೆ ತಗ್ಗಿಸಿ ಚುಕ್ಕಿ ಹೊಡೆದರು.

ಉಳಿಯಕ್ಕನಿಗೆ ಇನ್ನೊಂದು ವಿಷಯ ಈಗ ಹೊಳೆಯಿತು. ಅವಳ ಅಪ್ಪ ಅದೇ ಕಾರ್ಖಾನೆಯಲ್ಲಿ ನಿಂತು ಕೆಲಸ ಮಾಡುತ್ತಿದ್ದವರು. ಆ ಮುಷ್ಕರದ ಕತೆಯನ್ನು ಎದೆಯುಬ್ಬಿಸಿ ಹೇಳುತ್ತಿದ್ದವರು.

"ಅಪ್ಪ ಗೇಟಿನ ಹೊರಗೆ ಕೂತಿದ್ರು," ಅಂದಳು. "ನೀನು ಒಳಗಿದ್ದೆ."

"ಒಳಗಿದ್ದೆ. ಅದಕ್ಕೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಅಣ್ಣನಿಗೆ ಗೊತ್ತಾಗಿದ್ರೆ ನನ್ನ ಮುಖ ನೋಡ್ತಿರಲಿಲ್ಲ," ಅಂದಳು ಅತ್ತೆ. ಬಟ್ಟಲನ್ನು ಮತ್ತೆ ತೊಡೆಗೆಳೆದುಕೊಂಡು ಸೇರಿಸಿದಳು. "ಆದರೆ ಒಂದು ಮಾತು ಕೇಳು. ಅವರ ಬೇಡಿಕೆ ಪಟ್ಟಿಯಲ್ಲಿ ಹನ್ನೆರಡು ಸಾಲಿತ್ತು. ಅಣ್ಣನೇ ಮನೇಲಿ ಕೂತು ಬರೆದದ್ದು, ದೀಪ ಹಿಡಿದವಳು ನಾನು. ಹಿಂದಿನ ಕೋಣೆಯವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಹೊರಗೆ ಬನ್ನಿ ಅಂತ ನಮ್ಮನ್ನ ಕರೆದವರೂ ಇಲ್ಲ. ಹೊರಗಿನವರಿಗೂ ನಾವಿರಲಿಲ್ಲ, ಒಳಗಿನವನಿಗೂ ನಾವಿರಲಿಲ್ಲ."

ಉಳಿಯಕ್ಕನಿಗೆ ಅಪ್ಪನ ಮೇಲೆ ಮೊಟ್ಟಮೊದಲ ಸಲ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿಡುವುದೆಂದು ತಿಳಿಯದೆ ಎದ್ದು ಹೋಗಿ ಒಂದು ಚೊಂಬು ನೀರು ಕುಡಿದು ಬಂದಳು.

ಇದನ್ನೆಲ್ಲ ಭೂತಗನ್ನಡಿ ನಂಬುತ್ತಾನೆಯೇ ಎಂಬುದು ಮುಂದಿನ ಪ್ರಶ್ನೆ. ಅತ್ತೆ ಕೇಳಿದಳು, ನನ್ನ ಮರಳಿನ ದಿಂಬು ಇನ್ನೂ ಇದೆಯಾ. ದಿನಾ ಅದರ ಮೇಲೇ ಕೆಲಸ ಮಾಡುತ್ತೇನಲ್ಲ ಎಂದಳು ಉಳಿಯಕ್ಕ. ತಗೊಂಡು ಬಾ, ಜೊತೆಗೆ ಒಂದು ಬ್ಲೇಡು ಎಂದಳು ಅತ್ತೆ. ದಿಂಬಿಗೆ ಎರಡು ಪದರ ತೊಗಲು. ಅಂಚಿನ ಹೊಲಿಗೆ ಬಿಚ್ಚಿದರೆ ನಡುವೆ ಮೇಣದ ಬಟ್ಟೆಯ ಮಡಿಕೆ, ಮಡಿಕೆಯೊಳಗೆ ಅಂಗೈಯಗಲದ ತೆಳು ಕಾಗದ. ಕೆತ್ತನೆಯವರು ತಮ್ಮ ಕೆಲಸ ಮುಗಿದಮೇಲೆ ಗೆರೆಗಳೊಳಗೆ ದೀಪದ ಮಸಿ ತುಂಬಿ, ಒದ್ದೆ ಕಾಗದ ಒತ್ತಿ ಒಂದು ಅಚ್ಚು ತೆಗೆದಿಟ್ಟುಕೊಳ್ಳುತ್ತಾರೆ, ಮುಂದೆ ನೋಡಿ ಕಲಿಯಲು. ಅತ್ತೆಯೂ ಕದ್ದು ತೆಗೆದಿಟ್ಟಿದ್ದಳು. ರಿವಾಲ್ವರಿನ ಮೈಯ ಎಡಭಾಗ, ಎಲೆ ಎಲೆಯೂ ಸ್ಪಷ್ಟ. ಎಲೆಗಳ ನಡುವೆ ಒಂದೇ ಒಂದು ಚುಕ್ಕಿ ಇರಲಿಲ್ಲ, ಅವನ್ನು ಇನ್ನೂ ಹೊಡೆಯದಿದ್ದಾಗಿನ ಅಚ್ಚು. ಮೂವತ್ತೊಂದು ವರ್ಷ ಉಳಿಯಕ್ಕ ಆ ಸಾಕ್ಷಿಯ ಮೇಲೇ ಮೊಣಕೈ ಊರಿ ಊರವರ ಹೆಸರುಗಳನ್ನು ಕೊರೆದಿದ್ದಳು.

ಮರುದಿನ ಬೆಳಿಗ್ಗೆಯೇ ಸಂಗ್ರಹಾಲಯಕ್ಕೆ ಹೋದಳು. ಭೂತಗನ್ನಡಿಯ ಕೋಣೆಯಲ್ಲಿ ಕಡತಗಳಿಗೇ ಜಾಗವಿಲ್ಲ, ಕುರ್ಚಿಯ ಮೇಲಿದ್ದ ಕಟ್ಟನ್ನು ಎತ್ತಿ ನೆಲಕ್ಕಿಟ್ಟು ತಾನೇ ಕೂತಳು. ಅಚ್ಚನ್ನು ಮುಂದಿಟ್ಟಳು. ಅವನು ಮೊದಲು ಒಂದು ಕಣ್ಣಿನಿಂದ ನೋಡಿದ. ಬಳ್ಳಿ ಉಲ್ಟಾ ಇದೆಯಲ್ಲ, ಇದು ಬೇರೆ ಯಾವುದೋ ಇರಬೇಕು ಎಂದ. ಅಚ್ಚು ಉಲ್ಟಾ ಬರದೆ ಇನ್ನೇನು ಸೀದಾ ಬರುತ್ತದೆಯೇ ಎಂದು ಉಳಿಯಕ್ಕ ಗೋಡೆಯ ಕನ್ನಡಿಯನ್ನು ಕಿತ್ತು ತಂದು ಎದುರು ಹಿಡಿದಳು. ಆಮೇಲೆ ಅವನು ಕೊರಳಿನ ಭೂತಗನ್ನಡಿಯನ್ನು ಕೈಗೆತ್ತಿಕೊಂಡ. ಕಪಾಟಿನಿಂದ ರಿವಾಲ್ವರ್ ತಂದು ಪಕ್ಕದಲ್ಲಿಟ್ಟುಕೊಂಡ. ಬೆರಳಿಂದ ಎಳೆದು ಗುಂಡು ಹಾರಿಸುವ ಕುದುರೆಯ ಮೇಲಿನ ಮೂರನೆಯ ಎಲೆಯಲ್ಲಿ ಉಳಿ ಜಾರಿ ಒಂದು ನರ ಎರಡಾಗಿತ್ತು, ಅಚ್ಚಿನಲ್ಲೂ ಅಲ್ಲಿಯೇ ಎರಡಾಗಿತ್ತು. ಮುಕ್ಕಾಲು ಗಂಟೆ ಅವನು ಅಚ್ಚಿನ ಎಲೆಗಳನ್ನು ರಿವಾಲ್ವರಿನ ಎಲೆಗಳಿಗೆ ಒಂದೊಂದಾಗಿ ಹೋಲಿಸಿದ. ಅವಳು ತಾನಾಗಿ ಏಳಲಿಲ್ಲ.

"ನಿಮ್ಮ ಪುಸ್ತಕದಲ್ಲೇ ಇದೆ ಸರ್," ಅಂದಳು ಕೊನೆಗೆ. "ಹನ್ನೊಂದು ವಾರ ಸುತ್ತಿಗೆ ಸದ್ದು ಕೇಳಲಿಲ್ಲ ಅಂತ ನೀವೇ ಬರೆದಿದ್ದೀರಿ. ಯಜಮಾನರು ಸುತ್ತಿಗೆ ಬಿಟ್ಟು ಒಂದಾದರೂ ಎಲೆ ಕೆತ್ತಿದ್ದು ನಿಮ್ಮ ಕಪಾಟಿನಲ್ಲಿ ಇದ್ದರೆ ತೋರಿಸಿ."

ಕಪಾಟಿನಲ್ಲಿ ಯಜಮಾನರ ಕೈಯ ನಲವತ್ತು ವಸ್ತುಗಳಿದ್ದವು. ಅವನು ಒಂದೊಂದನ್ನೇ ತೆಗೆದು ಉಗುರು ಎಳೆದು ನೋಡಿದ, ಅವಳು ಹೇಳಿಕೊಟ್ಟ ಹಾಗೆ. ಎಲ್ಲದರಲ್ಲೂ ಮೆಟ್ಟಿಲು. ಮೂರು ವರ್ಷದ ಕೆಲಸ ಬೆರಳ ತುದಿಯಲ್ಲಿ ಕುಸಿಯುವುದನ್ನು ನೋಡಿ ಅವಳಿಗೆ ಕನಿಕರ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಅವನು ಬಾಯಿ ತೆರೆದದ್ದೇ, 'ಯಜಮಾನರ ಮಾರ್ಗದರ್ಶನದಲ್ಲಿ ಒಬ್ಬ ಮಹಿಳಾ ಸಹಾಯಕಿಯ ನೆರವಿನೊಂದಿಗೆ' ಎಂದು ಹಾಕಿದರೆ ಹೇಗೆ ಎಂದು ಕೇಳಿದ. ಅಂಥದ್ದನ್ನು ಕೊರೆಯಲು ಕಂಪ್ಯೂಟರಿನ ಮಷೀನಿದೆ, ಅದಕ್ಕೆ ನಾಚಿಕೆಯಿಲ್ಲ, ಅಲ್ಲಿ ಹೋಗಿ ಎಂದು ಅವಳು ಎದ್ದಳು.

ಸಂಜೆ ನಾಲ್ಕಕ್ಕೆ ಭೂತಗನ್ನಡಿ ತಾನೇ ಮಹಡಿ ಹತ್ತಿ ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಅತ್ತೆಯ ಎದುರು ತಗ್ಗಿನ ಸ್ಟೂಲಿನ ಮೇಲೆ ಕೂತ. ಅವನಲ್ಲಿ ಒಂದು ಒಳ್ಳೆಯ ಗುಣವಿತ್ತು, ಉಗುರಿಗೆ ಸಿಕ್ಕಿದ್ದನ್ನು ಇಲ್ಲ ಎನ್ನುವ ಭಂಡತನ ಅವನಿಗೆ ಬರುತ್ತಿರಲಿಲ್ಲ. "ನನ್ನದು ತಪ್ಪಾಯ್ತು ಅಮ್ಮ," ಅಂದ. ಫಲಕದ ಮೇಲೆ ನಿಮ್ಮ ಹೆಸರೇ ಬರುತ್ತದೆ, ನಿಮ್ಮದೊಂದೇ, ಪುಸ್ತಕವನ್ನೂ ತಿದ್ದುತ್ತೇನೆ ಎಂದ. ಉಳಿಯಕ್ಕ ಗೆದ್ದವಳಂತೆ ಅತ್ತೆಯ ಮುಖ ನೋಡಿದಳು.

ಅತ್ತೆಯ ಮುಖ ಗಂಟಿಕ್ಕಿತ್ತು.

"ನನ್ನದೊಂದೇ ಅಂದರೆ?" ಎಂದಳು. "ಒಂದು ರಿವಾಲ್ವರನ್ನ ಹನ್ನೊಂದು ವಾರದಲ್ಲಿ ಒಬ್ಬಳೇ ಕೈಯಿಂದ ದೂಡಿ ಮುಗಿಸೋಕೆ ಆಗುತ್ತಾ? ಅದನ್ನ ಬಿಚ್ಚಿ ನಾಲ್ಕು ಜನಕ್ಕೆ ಹಂಚಿದ್ದರು. ನಡುವಿನ ಮೈ ನಂದು. ನಳಿಗೆ ಕಿಟಕಿ ಹತ್ರ ಕೂರೋಳದ್ದು. ಉರುಳೆ ಉದ್ದಜಡೆಯವಳದ್ದು. ಹಿಡಿಕೆಯ ಪಟ್ಟಿ, ಕುದುರೆಯ ಬಳೆ ಎಲ್ಲ ಮೂಲೆಯವಳದ್ದು."

ಉಳಿಯಕ್ಕನ ಕಿವಿ ಬಿಸಿಯಾಯಿತು. ಉರುಳೆಯ ಎಲೆ ಬೇರೆ ಎಂದು ಅವಳ ಕಣ್ಣು ಹೇಳಿತ್ತು. ಅದನ್ನು ತಳ್ಳಿಹಾಕಿದವಳು ಅವಳೇ. ಗೊತ್ತಿದ್ದ ಒಂದು ಕೈ ಸಿಕ್ಕ ಕೂಡಲೇ ಉಳಿದ ಕೈಗಳನ್ನು ಅವಳು ಹುಡುಕಲೇ ಇಲ್ಲ. ಎರಡು ದಿನದಿಂದ ಭೂತಗನ್ನಡಿಗೆ ಬೈದದ್ದರಲ್ಲಿ ಅರ್ಧ ತನಗೂ ಸಲ್ಲುತ್ತದೆ ಎನ್ನಿಸಿತು. ಆದರೂ ಬಾಯಿ ಸುಮ್ಮನಿರದೆ, ಮಿಕ್ಕವರು ಈಗ ಎಲ್ಲಿದ್ದಾರೋ ಏನೋ ಅತ್ತೆ, ನೀನಿದ್ದೀಯ ಎಂದುಬಿಟ್ಟಳು.

"ನನ್ನ ಹೆಸರೊಂದೇ ಹಾಕಿದರೆ ನಾನೂ ಯಜಮಾನನ ಥರಾನೇ ಆದೆ," ಅಂದಳು ಅತ್ತೆ. "ನಾಲ್ಕೂ ಬರಬೇಕು. ಇಲ್ಲ ಅಂದ್ರೆ ಯಾವುದೂ ಬೇಡ."

ಭೂತಗನ್ನಡಿ ಜೇಬಿನಿಂದ ಪೆನ್ನು ತೆಗೆದ. ಅತ್ತೆ ತನ್ನ ಹೆಸರು ಹೇಳಿದಳು, ಹುಟ್ಟಿದಾಗ ಇಟ್ಟದ್ದು. ಕಿಟಕಿಯವಳ ಹೆಸರು ಹೇಳಿದಳು, ಅವಳ ತಂದೆಯ ಹೆಸರನ್ನೂ ಸೇರಿಸಿ. ಉದ್ದಜಡೆಯವಳದ್ದು ಹೇಳಿದಳು, ಅವಳು ಚೆನ್ನಾಗಿ ಶಿಳ್ಳೆ ಹಾಕುತ್ತಿದ್ದಳು ಎಂದು ಕೇಳದಿದ್ದರೂ ಹೇಳಿದಳು. ಆಮೇಲೆ ಮೂಲೆಯವಳು ಎಂದು ಬಾಯಿ ತೆರೆದು ನಿಲ್ಲಿಸಿದಳು. ಪೆನ್ನು ಕಾಯುತ್ತಿತ್ತು. ಅತ್ತೆ ಕಣ್ಣು ಮುಚ್ಚಿದಳು, ಬೆರಳು ಮಡಿಚಿದಳು, ಮತ್ತೆ ಬಿಚ್ಚಿದಳು. ಎಡಗೆನ್ನೆಯ ಮೇಲೆ ಮಚ್ಚೆಯಿತ್ತು ಎಂದಳು. ದೂರದಿಂದ ನಡೆದು ಬರುತ್ತಿದ್ದಳು, ಮಾತು ಕಡಿಮೆ, ಊಟದ ಡಬ್ಬಿಯನ್ನು ಗೋಡೆಗೆ ಮುಖ ಮಾಡಿ ಬಿಚ್ಚುತ್ತಿದ್ದಳು, ನಮ್ಮೆಲ್ಲರಿಗಿಂತ ಅವಳ ಕೈ ಸೊಗಸಾಗಿತ್ತು ಎಂದಳು. ಹೆಸರು ಬರಲಿಲ್ಲ.

"ಮರೆತು ಹೋಯ್ತಾ ಅಮ್ಮ?" ಎಂದು ಅವನು ಮೆಲ್ಲಗೆ ಕೇಳಿದ.

"ಮರೆತಿಲ್ಲ," ಅಂದಳು ಅತ್ತೆ. "ಕೇಳಲೇ ಇಲ್ಲ. ನಾಲ್ಕು ವರ್ಷ ಪಕ್ಕದಲ್ಲಿ ಕೂತಿದ್ದೆ. ಮೂಲೆಯವಳೇ, ನೀರು ಕೊಡು. ಮೂಲೆಯವಳೇ, ಉಳಿ ಕೊಡು. ಅಷ್ಟೇ. ಎಂಥ ಹೆಂಗಸು ನಾನು."

ಉಳಿಯಕ್ಕ ಅತ್ತೆಯ ಸಿಟ್ಟನ್ನು ಎಷ್ಟೋ ಸಲ ನೋಡಿದ್ದಳು. ಅದು ಅತ್ತೆಯ ಕಡೆಗೇ ತಿರುಗಿದ್ದನ್ನು ನೋಡಿದ್ದು ಅದೇ ಮೊದಲು. ಎದ್ದು ಹೋಗಿ ಹೆಗಲ ಮೇಲೆ ಕೈಯಿಟ್ಟಳು. ಅತ್ತೆ ಆ ಕೈಯನ್ನು ಕೊಡವಿದಳು.

ಐದು ದಿನ ಹುಡುಕಿದರು. ಭೂತಗನ್ನಡಿಗೂ ಈಗ ಹಟ ಹಿಡಿದಿತ್ತು. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಗಂಡಸರ ಹೆಸರು ಊರು ವಯಸ್ಸು ಎಲ್ಲ ಇತ್ತು. ಹೆಂಗಸರ ಪುಟದಲ್ಲಿ 'ಹಿಂದಿನ ಕೋಣೆ, ನಾಲ್ಕು' ಎಂಬ ಒಂದೇ ಸಾಲು, ತಿಂಗಳು ತಿಂಗಳಿಗೂ ಅದೇ. ಅದನ್ನು ನೋಡಿ ಅವನಿಗೂ ಪಿತ್ತ ನೆತ್ತಿಗೇರಿತು, ಮೇಜು ಕುಟ್ಟಿದ. ಉಳಿಯಕ್ಕ ಕಿಟಕಿಯವಳ ಮಗಳನ್ನು, ಉದ್ದಜಡೆಯವಳ ತಮ್ಮನನ್ನು ಹುಡುಕಿ ಹೋದಳು. ಇಬ್ಬರಿಗೂ ಮೂಲೆಯವಳು ಮೂಲೆಯವಳಾಗಿಯೇ ಗೊತ್ತಿದ್ದಳು. ಮುಷ್ಕರ ಮುಗಿದ ಮುಂದಿನ ವರ್ಷ ಅವಳು ಕೆಲಸ ಬಿಟ್ಟಳಂತೆ, ಎಲ್ಲಿಗೆ ಹೋದಳೆಂದು ವಿಚಾರಿಸಿದವರಿಲ್ಲ.

ಬುಧವಾರ ಉಳಿಯಕ್ಕ ಫಲಕ ಕೊರೆಯಲು ಕೂತಳು. ದಿಂಬಿನ ಅಂಚನ್ನು ಅತ್ತೆಯೇ ಕಣ್ಣಿಗಿಂತ ಹೆಚ್ಚು ಬೆರಳು ನಂಬಿ ಮತ್ತೆ ಹೊಲಿದುಕೊಟ್ಟಿದ್ದಳು. ಮೇಲೆ 'ಕೆತ್ತಿದವರು' ಎಂದು ಕೊರೆದಳು. ಕೆಳಗೆ ಒಂದರಡಿ ಒಂದು ಮೂರು ಹೆಸರು, ಮೂರೂ ಒಂದೇ ಅಳತೆ. ಬಳ್ಳಿಯ ಅಂಚನ್ನು ಅತ್ತೆಯ ಎಲೆ ನೋಡಿ ಕೊರೆಯಲಿಲ್ಲ, ಸಂಗ್ರಹಾಲಯಕ್ಕೆ ಹೋಗಿ ಹಿಡಿಕೆಯ ಪಟ್ಟಿಯ ಎಲೆಯನ್ನು ನೋಡಿ ಬಂದು ಕೊರೆದಳು. ಆ ಎಲೆ ನಿಜಕ್ಕೂ ಸೊಗಸಾಗಿತ್ತು, ಅದರ ತುದಿ ಹೊರಳುತ್ತಿರಲಿಲ್ಲ, ಸುಮ್ಮನೆ ಸಣ್ಣಗಾಗುತ್ತ ಮುಗಿಯುತ್ತಿತ್ತು. ಅದನ್ನು ಕಲಿಯಲು ಅವಳಿಗೆ ಎರಡು ತಗಡು ಹಾಳಾದವು. ನಾಲ್ಕನೆಯ ಸಾಲಿಗೆ ಮೇಲೆ ಕೆಳಗೆ ಸಣ್ಣ ಗೆರೆ ಎಳೆದು, ಒಳಗಿನ ಜಾಗವನ್ನು ಮುಖ ಕಾಣುವ ಹಾಗೆ ಉಜ್ಜಿ ಬಿಟ್ಟಳು.

ಗುರುವಾರ ಭೂತಗನ್ನಡಿ ಬಂದಾಗ ಅತ್ತೆಯೂ ಅಂಗಡಿಗೆ ಇಳಿದು ಬಂದು ಕುರ್ಚಿಯಲ್ಲಿ ಕೂತಿದ್ದಳು. ಅವನು ಫಲಕವನ್ನು ಬೆಳಕಿಗೆ ಹಿಡಿದು ಮೂರು ಹೆಸರನ್ನೂ ಓದಿದ, ತಲೆದೂಗಿದ. ಖಾಲಿ ಸಾಲಿನ ಮೇಲೆ ಕಣ್ಣು ನಿಂತಿತು. ಸಂಗ್ರಹಾಲಯದ ಮೇಲಿನವರು ಒಂದು ಮಾತು ಹೇಳಿ ಕಳಿಸಿದ್ದಾರೆ ಎಂದು ತಡವರಿಸಿದ. ಹೇಗೂ ಒಂದು ಸಾಲು ಉಳಿದಿದೆಯಂತಲ್ಲ, ಕಾರ್ಖಾನೆ ಅವರದೇ ಆಗಿತ್ತಲ್ಲ, ಅಲ್ಲಿ ಯಜಮಾನರ ಹೆಸರು ಸೇರಿಸಿದರೆ ಆಗುತ್ತದೆಯೇ ಎಂದು ಕೇಳಲು ಹೇಳಿದ್ದರು. ಹೇಳುವಾಗ ಅವನ ದೃಷ್ಟಿ ನೆಲದ ಮೇಲಿತ್ತು.

ಉಳಿಯಕ್ಕ ಬಾಯಿ ತೆರೆಯುವ ಮೊದಲೇ ಅತ್ತೆ ಕೈಯೆತ್ತಿದಳು.

"ಅಲ್ಲಿ ಜಾಗ ಇಲ್ಲ," ಅಂದಳು. "ಅಲ್ಲಿ ಒಬ್ಬಳು ಕೂತಿದ್ದಾಳೆ."

ಭೂತಗನ್ನಡಿ ಫಲಕವನ್ನು ಇದ್ದಹಾಗೇ ಬಟ್ಟೆಯಲ್ಲಿ ಸುತ್ತಿ, ನಾಲ್ಕು ಮೂಲೆಯ ಸ್ಕ್ರೂಗಳನ್ನು ಎಣಿಸಿ ಜೇಬಿಗೆ ಹಾಕಿಕೊಂಡು ಹೊರಟ.